ನಮ್ಮ ಜಿಲ್ಲೆ ಎಫ್.ಡಿ.ಯಲ್ಲಿದೆ

ಉಡುಪಿ ಜಿಲ್ಲೆ ಶ್ರೀಮಂತವಾಗಿದೆ. ಇದು ನನ್ನ ಮಾತಲ್ಲ, ಬ್ಯಾಂಕಿನ ಲೆಕ್ಕದ ಮಾತು. ಮೂರು ತಿಂಗಳಿಗೊಮ್ಮೆ ಲೀಡ್ ಬ್ಯಾಂಕಿನವರು ಜಿಲ್ಲೆಯ ಶಾಖೆಗಳ ಅಂಕಿಗಳನ್ನೆಲ್ಲ ಕೂಡಿಸಿ ಸಭೆಗೆ ತರುತ್ತಾರೆ, ಠೇವಣಿ ಏರಿದೆ ಎನ್ನುತ್ತಾರೆ, ಮರುದಿನ ಪೇಪರಿನ ಒಳಪುಟದಲ್ಲಿ ಅದೇ ಸುದ್ದಿ. ಠೇವಣಿ ಇಳಿಯಿತು ಎಂಬ ಸುದ್ದಿಯನ್ನು ನಾನಂತೂ ಈ ತನಕ ಓದಿದ್ದಿಲ್ಲ. ಕಡಲಲ್ಲಿ ಮೀನಿಲ್ಲದ ವರ್ಷವೂ ಅದು ಏರುತ್ತದೆ, ಅಡಿಕೆಗೆ ಕೊಳೆರೋಗ ಬಡಿದ ವರ್ಷವೂ ಏರುತ್ತದೆ. ಗದ್ದೆ ಹಡಿಲು ಬಿದ್ದರೂ ಏರುತ್ತದೆ, ಹೆಂಚಿನ ಕಾರ್ಖಾನೆಯ ಚಿಮಣಿ ತಣ್ಣಗಾದರೂ ಏರುತ್ತದೆ. ಇಷ್ಟು ಹಟಮಾರಿ ಸಮೃದ್ಧಿಯನ್ನು ಎಲ್ಲೂ ಕಂಡಿಲ್ಲ. ಅದಕ್ಕೆ ಕಾರಣವೇ ಬೇಕಿಲ್ಲ.

ಅಧಿಕಾರಿಗಳಿಗೆ, ಪತ್ರಕರ್ತರಿಗೆ, ಪಿಎಚ್.ಡಿ. ಮಾಡುವವರಿಗೆ ಈ ಅಂಕಿಯ ಮೇಲೆ ಯಾಕಿಷ್ಟು ಮೋಹ ಎಂಬುದು ನನಗೆ ಅರ್ಥವಾಗುತ್ತದೆ. ಒಂದು ಪ್ರದೇಶದ ಆರ್ಥಿಕತೆ ಹೇಗಿದೆಯೆಂದು ತಿಳಿಯಬೇಕಾದರೆ ಮಲ್ಪೆಯ ಧಕ್ಕೆಗೆ ಹೋಗಿ ಬೋಟಿನ ಡೀಸೆಲ್ ಖರ್ಚು ಕೇಳಬೇಕು, ಗೇರುಬೀಜದ ಕಾರ್ಖಾನೆಯಲ್ಲಿ ಕೂಲಿ ಎಷ್ಟೆಂದು ವಿಚಾರಿಸಬೇಕು, ಸಂತೆಯಲ್ಲಿ ನಿಲ್ಲಬೇಕು. ಬೆವರು ಬರುತ್ತದೆ. ಜಿಲ್ಲೆಯ ಒಟ್ಟು ಉತ್ಪನ್ನದ ಲೆಕ್ಕ ಕೈಗೆ ಬರುವಷ್ಟರಲ್ಲಿ ಜಿಲ್ಲಾಧಿಕಾರಿಗೇ ವರ್ಗವಾಗಿರುತ್ತದೆ. ಠೇವಣಿಯಾದರೋ ಕುಳಿತಲ್ಲಿಗೇ ಬರುತ್ತದೆ. ರಿಸರ್ವ್ ಬ್ಯಾಂಕು ಮೂರು ಮೂರು ತಿಂಗಳಿಗೆ ಜಿಲ್ಲಾವಾರು ಅಂಕಿಗಳನ್ನು ಪ್ರಕಟಿಸುತ್ತದೆ. ಅದೂ ಗ್ರಾಮೀಣ, ಅರೆಪಟ್ಟಣ, ನಗರ, ಮಹಾನಗರ ಎಂದು ಬಿಡಿಸಿ. ಪೈಸೆಗೆ ಪೈಸೆ ತಾಳೆಯಾಗುವ ಲೆಕ್ಕ. ತಾಳೆಯಾದದ್ದೆಲ್ಲ ನಿಜವೇ ಇರಬೇಕು ಎಂಬ ನಂಬಿಕೆ ನಮ್ಮಲ್ಲಿ ಬಹಳ ಹಳೆಯದು.

ಎರಡನೆಯ ನಂಬಿಕೆ ಇನ್ನೂ ಸೊಗಸು: ಜನ ಬ್ಯಾಂಕಿನಲ್ಲಿ ಹಣ ಇಟ್ಟಿದ್ದಾರೆಂದರೆ ಊರಿನಲ್ಲಿ ದುಡಿಮೆ ಚೆನ್ನಾಗಿದೆ ಎಂದರ್ಥವಂತೆ. ಇದನ್ನು 2020ರಲ್ಲಿ ಒರೆಗೆ ಹಚ್ಚುವ ಅವಕಾಶ ಸಿಕ್ಕಿತು. ಆ ವರ್ಷದ ಏಪ್ರಿಲ್‌ನಿಂದ ಜೂನ್‌ವರೆಗೆ ದೇಶದ ಜಿಡಿಪಿ ಹಿಂದಿನ ವರ್ಷದ ಅದೇ ತಿಂಗಳುಗಳಿಗಿಂತ ಶೇ. 24ರ ಹತ್ತಿರ ಕುಸಿಯಿತು. ಬಸ್ಸಿಲ್ಲ, ಮದುವೆಯಿಲ್ಲ, ಹೋಟೆಲಿಲ್ಲ; ಮುಂಬೈಯಿಂದ ಬಂದವರನ್ನು ಊರಿನ ಶಾಲೆಯಲ್ಲಿ ಕೂಡಿಹಾಕಿದ ಕಾಲ. ಆ ಆರ್ಥಿಕ ವರ್ಷ ಮುಗಿದಾಗ ದೇಶದ ಬ್ಯಾಂಕ್ ಠೇವಣಿ ಶೇ. 11ರಷ್ಟು ಬೆಳೆದಿತ್ತು. ಖರ್ಚು ಮಾಡಲು ಜಾಗವಿಲ್ಲದೆ, ನಾಳೆ ಏನಾಗುತ್ತದೋ ಎಂಬ ಭಯದಲ್ಲಿ, ಜನ ಇದ್ದುಳಿದದ್ದನ್ನು ಖಾತೆಯಲ್ಲಿ ಬಿಟ್ಟಿದ್ದರು. ಈ ಸೂಚ್ಯಂಕವನ್ನು ನಂಬುವುದಾದರೆ ಲಾಕ್‌ಡೌನ್‌ನಂಥ ಅಭಿವೃದ್ಧಿ ಯೋಜನೆ ಇನ್ನೊಂದಿಲ್ಲ.

ಅದಕ್ಕೂ ಮುಂಚೆ, 2016ರ ನವೆಂಬರ್ 8ರ ರಾತ್ರಿ, ಇನ್ನೊಂದು ಯೋಜನೆ ಬಂದಿತ್ತು. ಐನೂರು, ಸಾವಿರದ ನೋಟು ರದ್ದಾದವು. ಮರುದಿನದಿಂದ ಇಡೀ ದೇಶ ಉಳಿತಾಯದ ವ್ರತ ಹಿಡಿದಂತೆ ಬ್ಯಾಂಕಿನ ಮುಂದೆ ನಿಂತಿತು. ರದ್ದಾದ 15.41 ಲಕ್ಷ ಕೋಟಿ ರೂಪಾಯಿಯಲ್ಲಿ 15.31 ಲಕ್ಷ ಕೋಟಿ ಬ್ಯಾಂಕಿಗೆ ವಾಪಸು ಬಂತು. ಠೇವಣಿ ಉಬ್ಬಿದ್ದು ನೋಡಿ ಹಿಗ್ಗಿದವರಿದ್ದರು. ಅದೇ ಹೊತ್ತಿಗೆ ಸಂತೆಯಲ್ಲಿ ತರಕಾರಿ ಕೊಳ್ಳುವವರಿಲ್ಲದೆ ಕೊಳೆಯುತ್ತಿತ್ತು ಎಂಬುದು ಯಾವ ಕಾಲಂನಲ್ಲಿಯೂ ಬರಲಿಲ್ಲ. ಕೊಳೆತ ಟೊಮೆಟೊಗೆ ಕಾಲಂ ಇಲ್ಲ.

ಜನಧನ ಖಾತೆಯ ಕಥೆ ನೆನಪಿದೆಯಷ್ಟೆ? 2014ರ ಆಗಸ್ಟಿನಲ್ಲಿ ಯೋಜನೆ ಶುರುವಾಯಿತು, ಕೋಟಿಗಟ್ಟಲೆ ಖಾತೆ ತೆರೆದವು, ಬಹಳಷ್ಟರಲ್ಲಿ ಕಾಸಿರಲಿಲ್ಲ. ಸೊನ್ನೆ ಖಾತೆಗಳ ಸಂಖ್ಯೆ ಇಳಿಸಿ ಎಂದು ಮೇಲಿನಿಂದ ಒತ್ತಡ ಬಂತು. ಕೆಳಗಿನವರು ಏನು ಮಾಡಬೇಕು? ಒಂದೊಂದು ರೂಪಾಯಿ ತಾವೇ ಹಾಕಿದರು. ಬ್ಯಾಂಕಿನ ಅಧಿಕಾರಿಗಳೇ ಕೈಯಿಂದ, ಭತ್ಯೆಯಿಂದ, ಚಿಲ್ಲರೆ ಖರ್ಚಿನ ಬಾಬ್ತಿನಿಂದ ರೂಪಾಯಿ ಹಾಕಿದ್ದು 2016ರ ಸೆಪ್ಟೆಂಬರಿನಲ್ಲಿ ಪತ್ರಿಕೆಯಲ್ಲಿ ಬಯಲಾಯಿತು. ಬಡತನ ಒಂದು ರೂಪಾಯಿಗೆ ನಿವಾರಣೆಯಾದ ದಾಖಲೆ ಪ್ರಪಂಚದಲ್ಲಿ ಬೇರೆ ಯಾರ ಬಳಿಯಾದರೂ ಇದ್ದರೆ ತೋರಿಸಲಿ.

ಆದರೆ ಒಂದು ರೂಪಾಯಿಯದ್ದು ಬಡವರ ಆಟ. ದೊಡ್ಡ ಆಟ ನೋಡಬೇಕಾದರೆ ಮಾರ್ಚ್ 31ರ ಇಳಿಹೊತ್ತು ಯಾವುದಾದರೂ ಶಾಖೆಗೆ ಹೋಗಬೇಕು. ಮ್ಯಾನೇಜರರ ಊಟದ ಡಬ್ಬಿ ಮೇಜಿನ ಮೇಲೆ ಮುಚ್ಚಿದಂತೆಯೇ ಇದೆ. ರೀಜನಲ್ ಆಫೀಸಿನಿಂದ ಗಂಟೆಗೆ ನಾಲ್ಕು ಫೋನು. ಅವರು ಅಡಿಕೆ ಮಂಡಿಯ ಯಜಮಾನರಿಗೆ ಕರೆ ಹಚ್ಚುತ್ತಾರೆ.

"ಯಜಮಾನ್ರೇ, ಒಂದು ಉಪಕಾರ ಆಗ್ಬೇಕಿತ್ತು. ಟಾರ್ಗೆಟ್‌ಗೆ ಸ್ವಲ್ಪ ಕಮ್ಮಿ ಉಂಟು."

"ಎಷ್ಟು ಮಾರಾಯ್ರೆ?"

"ಜಾಸ್ತಿ ಇಲ್ಲ, ಎರಡು ಕೋಟಿ. ಎರಡೇ ದಿನ. ನಿಮ್ಮ ಓ.ಡಿ. ಲಿಮಿಟ್‌ನಲ್ಲಿ ಖಾಲಿ ಉಂಟಲ್ಲ, ಅದನ್ನೇ ಎಳೆದು ಕರೆಂಟ್ ಅಕೌಂಟಿಗೆ ಹಾಕುವ."

"ಮತ್ತೆ ಬಡ್ಡಿ ಯಾರು ಕೊಡುದು?"

"ಅದು ನಾನು ಎಂತಾದ್ರೂ ಮಾಡ್ತೇನೆ. ನೀವು ಒಂದು ಚೆಕ್ ಸೈನ್ ಮಾಡಿ ಹುಡುಗನ ಕೈಲಿ ಕಳ್ಸಿ."

ಯಜಮಾನರು ಎಲೆಯಡಿಕೆ ಉಗಿದು ಸಹಿ ಹಾಕುತ್ತಾರೆ. ಒಂದೇ ಸಹಿಗೆ ಸಾಲವೂ ಎರಡು ಕೋಟಿ ಏರಿತು, ಠೇವಣಿಯೂ ಎರಡು ಕೋಟಿ ಏರಿತು. ಮಂಡಿಗೆ ಒಂದು ಅಡಿಕೆ ಬರಲಿಲ್ಲ, ಹೋಗಲಿಲ್ಲ. ಏಪ್ರಿಲ್ 1 ವರ್ಷಾಂತ್ಯದ ಲೆಕ್ಕ ಮುಗಿಸುವ ದಿನ, ಗಿರಾಕಿಗಳಿಗೆ ಬಾಗಿಲಿಲ್ಲ. ಏಪ್ರಿಲ್ 2ರ ಬೆಳಿಗ್ಗೆ ಹತ್ತು ಗಂಟೆಗೆ ಆ ದುಡ್ಡು ಬಂದ ದಾರಿಯಲ್ಲೇ ವಾಪಸು. ಈ ನಡುವೆ ಮಾರ್ಚ್ 31ರ ಅಂಕಿ ಮಾತ್ರ ಫೋಟೋ ತೆಗೆದಂತೆ ನಿಂತುಬಿಟ್ಟಿದೆ. ಮುಂದೊಂದು ದಿನ ಯಾರೋ ಸಂಶೋಧಕರು ಅದನ್ನು ಗ್ರಾಫಿಗೆ ಏರಿಸಿ, ನಾಲ್ಕನೆಯ ತ್ರೈಮಾಸಿಕದಲ್ಲಿ ಈ ಪ್ರದೇಶದ ವ್ಯಾಪಾರ ಚಟುವಟಿಕೆ ಗಮನಾರ್ಹವಾಗಿ ಚುರುಕಾಗುತ್ತದೆ ಎಂದು ಬರೆಯುತ್ತಾರೆ. ಸುಗ್ಗಿಯ ಜತೆ ಅದಕ್ಕೊಂದು ಸಂಬಂಧವನ್ನೂ ಕಲ್ಪಿಸುತ್ತಾರೆ.

ಉಡುಪಿಗೆ ಬರೋಣ. ಬ್ಯಾಂಕಿನ ವಿಚಾರದಲ್ಲಿ ನಮಗೆ ಪಾಠ ಹೇಳುವವರು ಕಡಿಮೆ. ಅವಿಭಜಿತ ದಕ್ಷಿಣ ಕನ್ನಡದಲ್ಲಿ ಹೋಟೆಲು ತೆರೆದಷ್ಟೇ ಸಲೀಸಾಗಿ ಬ್ಯಾಂಕು ತೆರೆದರು. 1906ರಲ್ಲಿ ಒಂದೇ ವರ್ಷ ಎರಡು: ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈ ಅವರ ಕೆನರಾ, ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರ ಕಾರ್ಪೊರೇಷನ್. 1924ಕ್ಕೆ ಕರ್ಣಾಟಕ ಬ್ಯಾಂಕು, 1931ಕ್ಕೆ ಎ.ಬಿ. ಶೆಟ್ಟರ ವಿಜಯಾ ಬ್ಯಾಂಕು. ನಡುವೆ 1925ರಲ್ಲಿ ಉಡುಪಿಯಲ್ಲಿ ಟಿ.ಎಂ.ಎ. ಪೈ, ಉಪೇಂದ್ರ ಪೈ, ವಾಮನ ಕುಡ್ವರು ಸೇರಿ ಎಂಟು ಸಾವಿರ ರೂಪಾಯಿ ಬಂಡವಾಳದಲ್ಲಿ ತೆರೆದದ್ದು ಸಿಂಡಿಕೇಟ್. ಅದರ ಉದ್ದೇಶ ಗಮನಿಸಿ: ಮಗ್ಗ ನಿಂತು ಕಂಗಾಲಾದ ನೇಕಾರರಿಗೆ ಸಾಲ ಕೊಡುವುದು. 1928ರಲ್ಲಿ ಪಿಗ್ಮಿ ಬಂತು. ಏಜೆಂಟರು ದಿನಾ ಮನೆ ಬಾಗಿಲಿಗೆ ಬಂದು ಎರಡಾಣೆ ಎತ್ತಿಕೊಂಡು ಹೋಗುತ್ತಿದ್ದರು. ಮೀನು ಮಾರುವವಳ ಎರಡಾಣೆ ನೇಕಾರನ ನೂಲಾಗುತ್ತಿತ್ತು. ಆಗ ಠೇವಣಿ ನೋಡಿ ಊರಿನ ಕಸುಬು ಹೇಗಿದೆಯೆಂದು ಹೇಳಬಹುದಾಗಿತ್ತು, ಯಾಕೆಂದರೆ ಎರಡೂ ಒಂದೇ ಬೀದಿಯಲ್ಲಿದ್ದವು.

ಈಗಿನ ದಾರಿ ಸ್ವಲ್ಪ ಉದ್ದ. ನಮ್ಮ ಹುಡುಗ ಹತ್ತನೆಯದೋ ಹನ್ನೆರಡನೆಯದೋ ಮುಗಿಸಿ ಮುಂಬೈ ಬಸ್ಸು ಹತ್ತುತ್ತಾನೆ, ಹೋಟೆಲಿನಲ್ಲಿ ಮೇಜು ಒರೆಸಿ ಕ್ರಮೇಣ ಗಲ್ಲಾಪೆಟ್ಟಿಗೆಗೆ ಏರುತ್ತಾನೆ, ಉಳಿಸಿದ ದುಡ್ಡನ್ನು ಊರಿನ ಶಾಖೆಯಲ್ಲಿ ಅಮ್ಮನ ಹೆಸರಿನ ಜಂಟಿ ಖಾತೆಗೆ ಕಳಿಸುತ್ತಾನೆ. ಶಾಖೆಯಲ್ಲಿ ಠೇವಣಿ ಏರಿತು; ಜಿಲ್ಲೆ ಶ್ರೀಮಂತವಾಯಿತು. ಆದರೆ ಇಲ್ಲಿ ಸಾಲ ಕೇಳುವವರು ಕಡಿಮೆ, ಕೇಳಬೇಕಾದವನು ಮುಂಬೈಯಲ್ಲಿದ್ದಾನಲ್ಲ! ಹಾಗಾಗಿ ಬ್ಯಾಂಕು ಆ ಹಣವನ್ನು ಎತ್ತಿಕೊಂಡು ಸಾಲ ಕೇಳುವವರಿರುವ ಜಾಗಕ್ಕೆ ಹೋಗುತ್ತದೆ, ಅಂದರೆ ಮುಂಬೈಗೆ. ಅಲ್ಲಿ ಯಾವನೋ ಬಿಲ್ಡರು ಆ ಸಾಲದಲ್ಲಿ ಮೂವತ್ತು ಮಾಳಿಗೆ ಎಬ್ಬಿಸಲು ಹಳೆಯ ಚಾಳನ್ನು ಕೆಡವುತ್ತಾನೆ; ಚಾಳಿನ ಕೆಳಗೆ ನಮ್ಮ ಹುಡುಗನ ಹೋಟೆಲು. ದುಡ್ಡಿಗಾದರೆ ಹೋಗಿಬರಲು ಟಿಕೆಟ್ಟೂ ಬೇಡ, ಕೊಂಕಣ ರೈಲಿನ ವೇಟಿಂಗ್ ಲಿಸ್ಟೂ ಇಲ್ಲ.

ಹುಡುಗರ ಹಿಂದೆಯೇ ಬ್ಯಾಂಕುಗಳೂ ಘಟ್ಟ ಹತ್ತಿದವು ಎಂಬುದನ್ನು ಹೇಳಲೇಬೇಕು. 1969, 1980ರ ರಾಷ್ಟ್ರೀಕರಣದಲ್ಲಿ ಐದರಲ್ಲಿ ನಾಲ್ಕು ಸರ್ಕಾರದ್ದಾದವು. 2019ರ ಏಪ್ರಿಲ್ 1ಕ್ಕೆ ವಿಜಯಾ ಬ್ಯಾಂಕು ಬರೋಡಾದೊಳಗೆ ಸೇರಿತು. ಮರುವರ್ಷ ಅದೇ ದಿನ ಕಾರ್ಪೊರೇಷನ್ ಬ್ಯಾಂಕು ಮುಂಬೈಯ ಯೂನಿಯನ್ ಬ್ಯಾಂಕಿನಲ್ಲಿ, ಸಿಂಡಿಕೇಟು ಕೆನರಾದಲ್ಲಿ ಕರಗಿದವು. ಏಪ್ರಿಲ್ 1ನ್ನು ಆರಿಸಿದವರ ಹಾಸ್ಯಪ್ರಜ್ಞೆಯನ್ನು ಮೆಚ್ಚಬೇಕು. ಒಂದೇ ಕಡೆ ಇಡಬಾರದು ಎಂಬ ಮುಂಜಾಗ್ರತೆಯಿಂದ ಅರ್ಧ ಸಿಂಡಿಕೇಟಿನಲ್ಲಿ ಅರ್ಧ ಕೆನರಾದಲ್ಲಿ ಇಟ್ಟಿದ್ದ ನಿವೃತ್ತ ಮೇಷ್ಟ್ರಿಗೆ ಬೆಳಿಗ್ಗೆ ಏಳುವಷ್ಟರಲ್ಲಿ ಎರಡೂ ಒಂದೇ ಬ್ಯಾಂಕಾಗಿತ್ತು. ಠೇವಣಿ ವಿಮೆ ಒಂದು ಬ್ಯಾಂಕಿಗೆ, ಒಬ್ಬರಿಗೆ, ಐದು ಲಕ್ಷ ಮಾತ್ರ. ಅವರ ಜಾಣತನಕ್ಕೆ ವಿಮೆಯೇ ಇರಲಿಲ್ಲ.

ಈಗ ಲೀಡ್ ಬ್ಯಾಂಕಿನವರ ಆ ಸಭೆಯ ಎರಡನೆಯ ಸ್ಲೈಡು. ಮೊದಲನೆಯದರಲ್ಲಿ ಠೇವಣಿ ಕಂಡು ಬೀಗಿದವರು ಇದು ಬಂದಾಗ ಬಿಸ್ಕತ್ತಿನ ತಟ್ಟೆಯತ್ತ ನೋಡುತ್ತಾರೆ. ಸಾಲ-ಠೇವಣಿ ಅನುಪಾತ, ಬ್ಯಾಂಕಿನವರ ಬಾಯಲ್ಲಿ ಸಿ.ಡಿ. ರೇಶಿಯೋ. ಇಲ್ಲಿ ನೂರು ರೂಪಾಯಿ ಠೇವಣಿ ಬಂದರೆ ಎಷ್ಟು ರೂಪಾಯಿ ಸಾಲ ಕೊಟ್ಟಿರಿ ಎಂಬ ಲೆಕ್ಕ. ಗ್ರಾಮೀಣ, ಅರೆಪಟ್ಟಣ ಶಾಖೆಗಳಲ್ಲಿ ಅದು 60 ಇರಬೇಕೆಂಬುದು ರಿಸರ್ವ್ ಬ್ಯಾಂಕಿನ ಹಳೆಯ ಸೂಚನೆ. 40ಕ್ಕಿಂತ ಕೆಳಗಿಳಿದ ಜಿಲ್ಲೆಗೆ ವಿಶೇಷ ಉಪಸಮಿತಿ ಮಾಡಬೇಕೆಂದು 2005ರಲ್ಲಿ ಸುತ್ತೋಲೆಯೇ ಬಂತು. ಉಡುಪಿ ವರ್ಷಾನುಗಟ್ಟಲೆ ಈ 60ನ್ನು ಏಣಿ ಹಾಕಿ ನೋಡುತ್ತಲೇ ಬಂದಿದೆ. ಪ್ರತಿ ಸಭೆಯಲ್ಲೂ ಜನಪ್ರತಿನಿಧಿಗಳು ಗದರುತ್ತಾರೆ, ಬ್ಯಾಂಕಿನವರು "ನೋಟ್ ಮಾಡ್ಕೊಂಡಿದ್ದೇವೆ ಸಾರ್" ಎನ್ನುತ್ತಾರೆ. ಆ ನೋಟುಗಳನ್ನೆಲ್ಲ ಠೇವಣಿ ಇಟ್ಟಿದ್ದರೆ ಈ ಹೊತ್ತಿಗೆ ಇಮ್ಮಡಿಯಾಗುತ್ತಿದ್ದವು.

ಹಾಗಾದರೆ ಅನುಪಾತ ಮೇಲಿರುವ ಜಿಲ್ಲೆ ಮುಂದುವರಿದದ್ದೆ? ರಾಯಚೂರಿನ, ಹಾವೇರಿಯ ಕಡೆ ನೋಡಿ. ಅಲ್ಲಿ ಅನುಪಾತ ನಮಗಿಂತ ಎಷ್ಟೋ ಮೇಲಿದೆ. ಕಾರಣ ಕೇಳಿದರೆ ಸ್ಲೈಡಿನ ಬಣ್ಣ ಇಳಿಯುತ್ತದೆ. ಅಲ್ಲಿ ಇಡಲು ದುಡ್ಡಿಲ್ಲ, ಬಿತ್ತಲು ಸಾಲ ಬೇಕು. ಮಳೆ ಹೋದರೆ ಸಾಲ ತೀರುವುದಿಲ್ಲ, ಬಡ್ಡಿ ಅಸಲಿಗೆ ಸೇರುತ್ತದೆ, ಹಳೆಯ ಸಾಲ ಹೊಸ ಸಾಲವಾಗಿ ನವೀಕರಣವಾಗುತ್ತದೆ, ಅನುಪಾತ ಮೇಲೇರುತ್ತದೆ. ಒಟ್ಟಿನಲ್ಲಿ ಉಡುಪಿಯಲ್ಲಿ ಠೇವಣಿ ಜಾಸ್ತಿ, ಅದಕ್ಕೆ ನಾವು ಮುಂದುವರಿದವರು; ರಾಯಚೂರಿನಲ್ಲಿ ಅನುಪಾತ ಜಾಸ್ತಿ, ಅದಕ್ಕೆ ಅವರೂ ಮುಂದುವರಿದವರು. ನಮ್ಮ ಹುಡುಗ ಮುಂಬೈಯಲ್ಲಿ, ಅವರ ಹುಡುಗ ಬೆಂಗಳೂರಿನ ಕಟ್ಟಡ ಕೆಲಸದಲ್ಲಿ. ಈ ಲೆಕ್ಕದಲ್ಲಿ ಹಿಂದುಳಿಯುವುದಕ್ಕೆ ಯಾರಿಗೂ ಜಾಗವೇ ಇಲ್ಲ.

ಸಾಲವನ್ನು ಎಲ್ಲಿ ಎಣಿಸಬೇಕು ಎಂಬುದೇ ಇನ್ನೊಂದು ತಮಾಷೆ. ದೊಡ್ಡ ಕಂಪನಿಗಳ ಸಾಲ ಮಂಜೂರಾಗುವುದು ಸಾಮಾನ್ಯವಾಗಿ ಅವುಗಳ ಕೇಂದ್ರ ಕಚೇರಿ ಇರುವ ಮಹಾನಗರದಲ್ಲಿ. ಕುಲುಮೆ ಒಂದು ಕಡೆ, ಸಾಲದ ಖಾತೆ ಇನ್ನೊಂದು ಕಡೆ. ಹೊಗೆ ಕುಡಿಯುವವರು ಬಳ್ಳಾರಿ ಸೀಮೆಯವರಾದರೂ ಮಂಜೂರಾತಿಯ ಲೆಕ್ಕದಲ್ಲಿ ಪ್ರಗತಿ ಕಾಣುವುದು ಮುಂಬೈಯಲ್ಲಿ. ಇದು ಗೊತ್ತಿದ್ದೇ ರಿಸರ್ವ್ ಬ್ಯಾಂಕು ಮಂಜೂರಾದ ಜಾಗ, ಬಳಕೆಯಾದ ಜಾಗ ಎಂದು ಎರಡು ಲೆಕ್ಕ ಇಡುತ್ತದೆ. ಸ್ಲೈಡು ಮಾಡುವವರಿಗೆ ಒಂದೇ ಸಾಕು.

ಠೇವಣಿ ಜಿಗಿಯುವ ಇನ್ನೊಂದು ಸ್ಥಳ ಮುಳುಗಡೆ ಪ್ರದೇಶ. ಆಲಮಟ್ಟಿಯ ಹಿನ್ನೀರು ಹಳೆಯ ಬಾಗಲಕೋಟೆಯ ಓಣಿಗಳಿಗೆ ನುಗ್ಗಿದಾಗ ಮನೆ, ಹೊಲ, ಬಾವಿ, ಬೇವಿನಮರ ಎಲ್ಲ ಹೋಗಿ ಪರಿಹಾರವೆಂಬ ಅಂಕಿ ಬಂತು. ಹೊಲ ಇದ್ದಷ್ಟು ಕಾಲ ಅದು ಬ್ಯಾಂಕಿನ ಲೆಕ್ಕದಲ್ಲಿರಲಿಲ್ಲ, ಏಕೆಂದರೆ ಜೋಳ ಬೆಳೆಯುವುದು ಠೇವಣಿಯಲ್ಲ. ಮುಳುಗಿದ ಮರುಗಳಿಗೆ ಅದು ಠೇವಣಿಯಾಗಿ ತೇಲುತ್ತದೆ. ದೇವನಹಳ್ಳಿಯ ಕಡೆ ನೀರಿನ ಬದಲು ಭೂಸ್ವಾಧೀನದ ನೋಟೀಸು, ಫಲ ಒಂದೇ. ಪರಿಹಾರದ ಚೆಕ್ಕು ಹಂಚುವ ದಿನ ಬ್ಯಾಂಕುಗಳು ಶಾಮಿಯಾನ ಹಾಕಿ, ಶರಬತ್ತು ಕೊಟ್ಟು, ಖಾತೆ ತೆರೆಸುತ್ತವೆ. ಎತ್ತು ಮಾರಿ ಬಂದವನಿಗೆ 'ಪ್ರಿವಿಲೇಜ್ ಕಸ್ಟಮರ್' ಎಂಬ ಕಾರ್ಡು ಸಿಗುತ್ತದೆ. ಎರಡು ವರ್ಷ ಠೇವಣಿ ಏರಿರುತ್ತದೆ. ಆಮೇಲೆ ಮದುವೆ, ಮನೆ, ಕಾರು, ಮತ್ತೆ ಕೂಲಿ. ಆಗ ಬರುವ ಸ್ಲೈಡು ಇನ್ನೊಂದು ತಾಲೂಕಿನದ್ದು.

ಇಂಥ ಊರು ನಮ್ಮದೊಂದೇ ಅಲ್ಲ, ಸಮಾಧಾನ ಮಾಡಿಕೊಳ್ಳಿ. ಕೇರಳದ ಪತ್ತನಂತಿಟ್ಟ ಜಿಲ್ಲೆಯಲ್ಲಿ ಎನ್ನಾರೈ ಠೇವಣಿ ಧಾರಾಳ, ಮನೆಗಳಿಗೆ ಬೀಗ ಇನ್ನೂ ಧಾರಾಳ. ಅಲ್ಲಿನ ಕುಂಬನಾಡಿನಲ್ಲಿ ವೃದ್ಧಾಶ್ರಮಗಳು ಎದ್ದಿವೆ. ಗುಜರಾತಿನ ಕಛ್‌ನ ಮಾಧಾಪರ್ ಎಂಬ ಹಳ್ಳಿಯಲ್ಲಿ 17 ಬ್ಯಾಂಕುಗಳಿವೆ, ಸಾವಿರಾರು ಕೋಟಿ ಠೇವಣಿಯಿದೆ, ದೇಶದ ಅತಿ ಶ್ರೀಮಂತ ಹಳ್ಳಿ ಅದೇ ಎಂದು ಪತ್ರಿಕೆಗಳು ಕೊಂಡಾಡಿದವು. ಇಟ್ಟವರಲ್ಲಿ ಬಹಳ ಮಂದಿ ಇರುವುದು ಲಂಡನ್ನಿನಲ್ಲಿ, ಆಫ್ರಿಕಾದಲ್ಲಿ. ಅತಿ ಶ್ರೀಮಂತ ಹಳ್ಳಿಯಾಗಲು ಮೊದಲ ಅರ್ಹತೆಯೆಂದರೆ ಶ್ರೀಮಂತರು ಅಲ್ಲಿರಬಾರದು.

ಸತ್ತವರೂ ಈ ಸಮೃದ್ಧಿಯಲ್ಲಿ ಪಾಲುದಾರರು. ಅಜ್ಜಿ ಯಾರಿಗೂ ಹೇಳದೆ ಇಟ್ಟ ಎಫ್.ಡಿ.ಗೆ ನಾಮಿನಿ ಇಲ್ಲ. ಅಜ್ಜಿ ಹೋದರು, ರಸೀದಿ ಗಂಧದ ಪೆಟ್ಟಿಗೆಯಲ್ಲಿ ಉಳಿಯಿತು. ಹತ್ತು ವರ್ಷ ಯಾರೂ ಕೇಳದಿದ್ದರೆ ಅದು ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗುತ್ತದೆ. ಹೀಗೆ ಸೇರಿದ್ದು 2024ರ ಮಾರ್ಚಿಗೆ 78,213 ಕೋಟಿ ರೂಪಾಯಿ. ಹುಡುಕಲೆಂದು 2023ರಲ್ಲಿ 'ಉದ್ಗಮ್' ಎಂಬ ಜಾಲತಾಣವನ್ನೂ ತೆರೆದರು. ಆ ಹತ್ತು ವರ್ಷವೂ ಅಜ್ಜಿ ಜಿಲ್ಲೆಯ ಆರ್ಥಿಕತೆಗೆ ತಪ್ಪದೆ ಕೊಡುಗೆ ನೀಡುತ್ತಿರುತ್ತಾರೆ, ಬದುಕಿದ್ದಾಗ ಅವರ ದನಕರುಗಳ ಹಾಲಿಗೆ ಸಿಗದ ಗೌರವ ಈಗ ಸಿಕ್ಕಿರುತ್ತದೆ.

ಅನುಪಾತ ಯಾಕೆ ಏರುವುದಿಲ್ಲ ಎಂದು ಸಭೆಯಲ್ಲಿ ಕೇಳಿದರೆ ಸಿದ್ಧ ಉತ್ತರವಿದೆ: "ಇಲ್ಲಿ ಸಾಲಕ್ಕೆ ಡಿಮಾಂಡೇ ಇಲ್ಲ ಸಾರ್." ಡಿಮಾಂಡು ಬಂದರೆ ಏನಾಗುತ್ತದೆ ಎಂಬುದಕ್ಕೆ ಕಾರ್ಕಳದ ಕಡೆಯ ಒಬ್ಬ ಹುಡುಗಿಯನ್ನು ಊಹಿಸಿಕೊಳ್ಳಿ. ಬಿ.ಕಾಂ. ಮುಗಿಸಿದ್ದಾಳೆ, ಹಲಸಿನ ಹಪ್ಪಳ, ಚಿಪ್ಸು ಮಾಡುವ ಸಣ್ಣ ಘಟಕಕ್ಕೆ ಎಂಟು ಲಕ್ಷ ಬೇಕು. ಸಣ್ಣ ಉದ್ದಿಮೆಗೆ ಹತ್ತು ಲಕ್ಷದವರೆಗಿನ ಸಾಲಕ್ಕೆ ಅಡಮಾನ ಕೇಳಕೂಡದೆಂದು ರಿಸರ್ವ್ ಬ್ಯಾಂಕು 2010ರಲ್ಲೇ ಹೇಳಿದ್ದನ್ನು ಓದಿಕೊಂಡೇ ಬಂದಿದ್ದಾಳೆ. ಮ್ಯಾನೇಜರು ಪ್ರಾಜೆಕ್ಟ್ ರಿಪೋರ್ಟಿನ ಹಾಳೆ ತಿರುವುತ್ತಾರೆ, ಸಿಬಿಲ್ ನೋಡುತ್ತಾರೆ, ಹಲಸು ವರ್ಷಪೂರ್ತಿ ಸಿಗ್ತದಾ ಎಂದು ಕೇಳುತ್ತಾರೆ. ಕೊನೆಗೆ ಕಂಪ್ಯೂಟರಿನಲ್ಲಿ ಏನೋ ಕಂಡು ಮುಖ ಅರಳುತ್ತದೆ.

"ನಿಮ್ಮ ತಂದೆಯವರ ಎಫ್.ಡಿ. ನಮ್ಮಲ್ಲೇ ಉಂಟಲ್ಲ ಅಮ್ಮಾ! ಅದರ ಮೇಲೆ ಸಾಲ ಮಾಡುವ. ಇವತ್ತೇ ಆಗ್ತದೆ. ಎಫ್.ಡಿ. ಬಡ್ಡಿಗಿಂತ ಒಂದೇ ಪರ್ಸೆಂಟ್ ಜಾಸ್ತಿ."

ಅಂದರೆ ಅಪ್ಪನ ದುಡ್ಡನ್ನೇ ಮಗಳಿಗೆ ಕೊಟ್ಟು ನಡುವೆ ಒಂದು ಪರ್ಸೆಂಟ್ ಹಿಡಿದುಕೊಳ್ಳುವ ಸೇವೆ. ಅದಾಗಿದ್ದರೆ ಠೇವಣಿಯೂ ಕದಲುತ್ತಿರಲಿಲ್ಲ, ಸಾಲವೂ ಏರುತ್ತಿತ್ತು, ಮಹಿಳಾ ಉದ್ಯಮಿಗೆ ನೆರವು ಎಂಬ ಕಾಲಂ ಕೂಡ ತುಂಬುತ್ತಿತ್ತು. ಹುಡುಗಿ ಯೋಚಿಸಿ ಹೇಳ್ತೇನೆ ಎಂದು ಎದ್ದಳು. ಯೋಚಿಸಿದಳು. ಈಗ ದುಬೈಯ ಒಂದು ಸೂಪರ್ ಮಾರ್ಕೆಟಿನಲ್ಲಿ ಲೆಕ್ಕ ಬರೆಯುತ್ತಾಳೆ. ಅಲ್ಲಿ ಹಲಸಿನ ಚಿಪ್ಸು ಕೇರಳದಿಂದ ಬರುತ್ತದೆ. ತಿಂಗಳು ತಿಂಗಳು ಊರಿಗೆ ಹಣ ಕಳಿಸುತ್ತಾಳೆ. ಹೊಸ ವರ್ಷಕ್ಕೆ ಬ್ಯಾಂಕಿನವರೇ ಅಪ್ಪನ ಮನೆಗೆ ಕ್ಯಾಲೆಂಡರು, ಡೈರಿ ತಲುಪಿಸಿದರು. ಮಾರ್ಚ್ ಕೊನೆಯ ವಾರ ಅವಳ ವಾಟ್ಸಾಪಿಗೆ ಮ್ಯಾನೇಜರರ ಮೆಸೇಜು ಬರುತ್ತದೆ, ಕೈ ಮುಗಿಯುವ ಚಿತ್ರದೊಂದಿಗೆ: "ಮೇಡಂ, ನಿಮ್ಮ ಎಸ್.ಬಿ. ಖಾತೆಯಲ್ಲಿ ಎಂಟು ಲಕ್ಷ ಸುಮ್ಮನೆ ಬಿದ್ದಿದೆ. ಮೂವತ್ತೊಂದರ ಒಳಗೆ ಎಫ್.ಡಿ. ಮಾಡಿಬಿಡುವ?"